ಮೂಸಿ ನೋಡಿದ ಸೀಸೆಗಳು

ನಾನು ಸೀಸೆ ತೊಳೆಯುವ ಕೆಲಸಕ್ಕೆ ಸೇರಿದ ದಿನ ಡಾಕ್ಟರಮ್ಮ ಮೊದಲು ನನ್ನ ಉಗುರು ನೋಡಿದರು, ಮುಖವನ್ನು ಆಮೇಲೆ. ನೀರಿನಲ್ಲಿ ಕ್ರಿಮಿ ಹುಡುಕುವುದು ಅವರ ಕೆಲಸ. ಹೆಣ್ಣುಮಗಳು ಕೊಳಚೆ ನೀರು ಹಿಡಿದು ಓಡಾಡುತ್ತಾಳೆಂದು ಜನ ಆಡಿಕೊಳ್ಳುತ್ತಿದ್ದ ಕಾಲ ಅದು. ಅವರ ತಮ್ಮನಂತೂ ಬಂದಾಗಲೆಲ್ಲ ಬಾಗಿಲಲ್ಲೇ ನಿಂತು, "ಅಕ್ಕಾ, ಹಾಗೇ ಬರ್ಲಾ, ಇಲ್ಲ ನನ್ನನ್ನೂ ಕುದಿಸಿ ಒಳಗೆ ಕರ್ಕೋತೀಯಾ?" ಎನ್ನುವನು.

"ನಿನ್ನ ಕುದಿಸೋಷ್ಟು ದೊಡ್ಡ ಪಾತ್ರೆ ಇಲ್ಲ ಕಣೋ, ಕೈ ತೊಳ್ಕೊಂಡು ಬಾ" ಎನ್ನುವರು ಇವರು.

ಕ್ರಿಮಿ ಬೆಳೆಯಲೆಂದು ಸಾರು ಬೆರೆಸಿದ ಅಂಟನ್ನು ಗಾಜಿನ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿ, ಅದರ ಮೇಲೆ ಹನಿ ನೀರು ಬಿಟ್ಟು, ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ನೀರು ಕೆಟ್ಟಿದ್ದರೆ ಎರಡು ದಿನದಲ್ಲಿ ಸಾಸಿವೆ ಚೆಲ್ಲಿದಂತೆ ಚುಕ್ಕೆಗಳು ಏಳುತ್ತಿದ್ದವು.

ಆ ವರ್ಷ ನೇಕಾರರ ಬೀದಿಗೆ ವಿಷಮಜ್ವರ ಬಂತು. ಬಾವಿಗೆ ಬೀಗ ಬಿತ್ತು. ಹಿಂದೆ ನನ್ನ ಯಜಮಾನರನ್ನು ತಿಂದದ್ದೂ ಅದೇ ಜ್ವರ. ಆ ಬಾವಿಯ ನೀರಿಗೆಂದು ಇಟ್ಟ ಸೀಸೆಗಳನ್ನು ಕುದಿಸಿದ್ದು ಸಾಲದೆಂದು ಫಿನಾಯಿಲಿನಲ್ಲೂ ಅದ್ದಿ ತೆಗೆದೆ. ನೆಲವನ್ನು ದಿನವೂ ಅದರಲ್ಲೇ ಒರೆಸುತ್ತಿದ್ದುದರಿಂದ ವಾಸನೆ ಯಾರಿಗೂ ಬೇರೆಯಾಗಿ ತಿಳಿಯಲಿಲ್ಲ.

ಅವುಗಳಲ್ಲಿ ತಂದ ನೀರು ಬಿಟ್ಟ ತಟ್ಟೆಗಳು ಮೂರನೆಯ ದಿನವೂ ಒಂದು ಚುಕ್ಕೆಯಿಲ್ಲದೆ ಕನ್ನಡಿಯಂತಿದ್ದವು. ಬಾವಿ ತೆರೆಯಬಹುದೆಂದು ಡಾಕ್ಟರಮ್ಮ ಪುರಸಭೆಯ ಕಚೇರಿಗೆ ಕಾಗದ ಬರೆಯಲು ಕುಳಿತರು. "ಆಶ್ಚರ್ಯ ಕಣಮ್ಮ. ಒಳ್ಳೆ ನೀರಲ್ಲೂ ನಾಲ್ಕಾದ್ರೂ ಏಳ್ಬೇಕು" ಎಂದರು.

ನನಗೆ ಫಿನಾಯಿಲಿನ ನೆನಪಾಯಿತು. ಹೇಳಿದರೆ ಕೆಲಸ ಹೋದೀತು. ಹೇಳದಿದ್ದರೆ ಆ ಬೀದಿಯವರು ನಾಳೆಯೇ ಕೊಡ ಇಳಿಸುತ್ತಾರೆ.

"ಅಮ್ಮಾ, ಸೀಸೆಗೆ ಫಿನಾಯಿಲ್ ಹಾಕಿದ್ದೆ."

ಲೇಖನಿ ನಿಂತಿತು. "ಯಾಕೆ?"

"ಕ್ರಿಮಿ ಸಾಯ್ಲಿ ಅಂತ."

ನನ್ನನ್ನೇ ನೋಡಿದರು. ಆಮೇಲೆ ಅವರಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ನನ್ ತಾಯಿ! ಇಲ್ಲಿ ನಾವು ಅವಕ್ಕೆ ಬಾಣಂತನ ಮಾಡ್ತೀವಿ, ನೀನು ಹುಟ್ಟೋಕ್ ಮುಂಚೆನೇ ಕತ್ತು ಹಿಸುಕಿದ್ಯಲ್ಲೇ!" ಕಾಗದ ಹರಿದು ಬುಟ್ಟಿಗೆ ಬಿತ್ತು.

ಬೇರೆ ಸೀಸೆಗಳಲ್ಲಿ ಮತ್ತೆ ನೀರು ತಂದೆವು. ಈ ಸಲ ತಟ್ಟೆ ತುಂಬ ಸಾಸಿವೆ. ಬಾವಿಯ ಬೀಗ ಹಾಗೇ ಉಳಿಯಿತು. ತಡವೇಕೆಂದು ಕೇಳಿದ ಕಚೇರಿಗೆ, ತಪ್ಪು ತಮ್ಮದೆಂದೇ ಬರೆದರು.

"ತಪ್ಪು ನಂದಲ್ವಾ ಅಮ್ಮಾ?"

"ಮೂಸಿ ನೋಡದೇನೇ ತಗೊಂಡೋಳು ನಾನು."

ಅವರು ಕಣ್ಣು ಮಂಜಾಗಿ ಕೆಲಸ ಬಿಡುವವರೆಗೆ, ಹತ್ತೊಂಬತ್ತು ವರ್ಷ, ಪ್ರತಿ ಬೆಳಿಗ್ಗೆ ನಾವಿಬ್ಬರೂ ಜಗುಲಿಯ ಗಾಳಿಯಲ್ಲಿ ನಿಂತು ಒಂದೊಂದೇ ಸೀಸೆ ಮೂಸುತ್ತಿದ್ದೆವು. ಮೊದಲು ನಾನು, ಆಮೇಲೆ ಅವರು.