ಆನೆಮರಿಯ ಎರಡನೆಯ ಮಂಡಿ

ನಮ್ಮೂರ ನಾಯಿ ಡಾಕ್ಟರಮ್ಮನ ಕೈಗುಣದ ಬಗ್ಗೆ ಊರೆಲ್ಲ ಹೇಳುವುದು ನಿಜವೇ. ಆದರೆ ಅದೇ ಕೈ ಒಮ್ಮೆ ಅವರಿಗೆ ಮೋಸ ಮಾಡಿತ್ತು. ಆ ಮಾತು ತೆಗೆದರೆ ಇವತ್ತಿಗೂ ಅವರ ಮುಖ ಇಷ್ಟು ಸಣ್ಣದಾಗುತ್ತದೆ.

ಪುಟಾಣಿ ನಾಯಿಗಳು ಮೂರು ಕಾಲಲ್ಲಿ ಕುಪ್ಪಳಿಸಿಕೊಂಡು ಬಂದರೆ ಅವರಿಗೆ ನೀರು ಕುಡಿದಷ್ಟು ಸಲೀಸು. ಜಾರಿದ ಮಂಡಿಚಿಪ್ಪನ್ನು ಹೆಬ್ಬೆರಳಿನಿಂದ ಒತ್ತಿ ಟಕ್ಕನೆ ಜಾಗಕ್ಕೆ ಕೂರಿಸಿಬಿಡುತ್ತಾರೆ. ಅಂದು ಬಂದದ್ದು ಮಾತ್ರ ಕರುವಿನಷ್ಟು ದೊಡ್ಡ ನಾಯಿ, ಅಡ್ಡಹೆಸರು ಆನೆಮರಿ. ಜೊತೆಗೆ ಅದರ ಯಜಮಾನ, ಮತ್ತೆ ಅದನ್ನು ಮರಿಯಿಂದ ನೋಡಿಕೊಂಡ ಮನೆಯ ವಾಚ್‌ಮನ್. ಹಿಂಗಾಲು ನೆಲಕ್ಕೆ ಊರುತ್ತಿರಲಿಲ್ಲ. ಡಾಕ್ಟರಮ್ಮ ತೊಡೆ ಹಿಡಿದು, ಮಂಡಿಯ ಕೆಳಗಿನ ಮೂಳೆಯನ್ನು ಮುಂದಕ್ಕೆ ತಳ್ಳಿ ನೋಡಿದರು. ಅಲುಗಲಿಲ್ಲ. ಒಳಗೆ ಮೂಳೆಗಳನ್ನು ಕಟ್ಟಿ ಹಿಡಿಯುವ ಲಿಗಮೆಂಟ್ ಗಟ್ಟಿಯಾಗಿದೆ ಎಂದು ತೀರ್ಮಾನಿಸಿಬಿಟ್ಟರು.

“ಏಟು ಬಿದ್ದಿದೆ. ಯಾರೋ ಒದ್ದಿರ್ಬೇಕು,” ಎಂದರು, ವಾಚ್‌ಮನ್ ಕಡೆ ನೋಡಿ.

“ಅಯ್ಯೋ, ನಾನ್ಯಾಕಮ್ಮ ಒದೀಲಿ? ನನ್ ಊಟದಲ್ಲಿ ಅರ್ಧ ಇವ್ನೇ ತಿಂತಾನೆ!”

ಯಜಮಾನ ಅವನ ಕೈಯಿಂದ ಚೈನು ಕಿತ್ತುಕೊಂಡ. ಅಂದಿನಿಂದ ವಾಚ್‌ಮನ್ ನಾಯಿಯ ಹತ್ತಿರ ಸುಳಿಯುವಂತಿಲ್ಲ. ದೂರದ ಗೋದಾಮಿನ ಗೇಟು ಕಾಯಬೇಕು.

ಮೂರು ತಿಂಗಳ ಮೇಲೆ ಯಜಮಾನ ಕುಂಟುತ್ತಲೇ ಇದ್ದ ಆನೆಮರಿಯನ್ನು ಮತ್ತೆ ಕರೆತಂದ. ಮಲಗಿದ್ದ ನಾಯಿ ಏಳಲು ಹೋಗಿ, ಡಾಕ್ಟರಮ್ಮನ ಕಣ್ಣೆದುರೇ ಕುಸಿಯಿತು. ಈ ಸಲ ಇನ್ನೊಂದು ಕಾಲು. ಯಾರೂ ಮುಟ್ಟಿರಲಿಲ್ಲ. ಮಂಪರಿನ ಇಂಜೆಕ್ಷನ್ ಕೊಟ್ಟು ಹಿಡಿದು ನೋಡಿದರೆ, ಎರಡೂ ಮಂಡಿಯಲ್ಲಿ ಮೂಳೆ ಮೇಜಿನ ಡ್ರಾಯರಿನಂತೆ ಸರಕ್ಕನೆ ಮುಂದೆ ಬಂತು. ದೊಡ್ಡ ನಾಯಿಗಳಲ್ಲಿ ಆ ಲಿಗಮೆಂಟ್ ಹಳೆಯ ಹಗ್ಗದ ಹಾಗೆ ಎಳೆಎಳೆಯಾಗಿ ಸವೆಯುವುದುಂಟು, ಏಟೇ ಬೇಕಿಲ್ಲ. ಅಂದು ನಾಯಿ ಹೆದರಿ ತೊಡೆ ಬಿಗಿಹಿಡಿದಿತ್ತು, ಅದಕ್ಕೇ ಮೂಳೆ ಅಲುಗಿರಲಿಲ್ಲ. ಇದೆಲ್ಲ ಅವರಿಗೆ ಗೊತ್ತಿದ್ದದ್ದೇ. ಮಂಪರು ಕೊಟ್ಟು ನೋಡುವಷ್ಟು ಪುರುಸೊತ್ತು ಮಾಡಿಕೊಂಡಿರಲಿಲ್ಲ, ಅಷ್ಟೇ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಯಜಮಾನನನ್ನೂ ಕರೆದುಕೊಂಡೇ ಗೋದಾಮಿಗೆ ಹೋದರು. “ತಪ್ಪು ನಂದು, ಅಣ್ಣ. ನಿಮ್ಮ ತಲೆಗೆ ಕಟ್ಬಿಟ್ಟೆ.”

ವಾಚ್‌ಮನ್ ಬೀಗದ ಕೈ ತಿರುವುತ್ತಾ ನಿಂತ. ಇರಲಿ ಬಿಡಿ ಅನ್ನಲಿಲ್ಲ. “ನನ್ ಮಾತು ನಂಬೋಕೆ ಅವನ ಇನ್ನೊಂದು ಕಾಲೂ ಹೋಗ್ಬೇಕಾಯ್ತಲ್ಲಮ್ಮ,” ಎಂದ.

ಆಪರೇಷನ್ ಆಯಿತು. ಚೈನು ಮತ್ತೆ ವಾಚ್‌ಮನ್ ಕೈಗೆ ಬಂತು. ಅವನೇನೋ ನಗುತ್ತಾ ಬಂದು ಹೋಗುತ್ತಾನೆ; ಡಾಕ್ಟರಮ್ಮನೇ ತಲೆ ತಗ್ಗಿಸಿ ಮಂಡಿ ನೋಡುತ್ತಾರೆ. ನಿಮ್ಮ ನಾಯಿ ಕುಂಟಿದರೆ ಅವರ ಹತ್ತಿರವೇ ಹೋಗಿ. ಮೊದಲು ಚೈನು ಹಿಡಿದು ನಿಂತವರ ಮಾತನ್ನು ಪೂರ್ತಿ ಕೇಳುತ್ತಾರೆ, ಆಮೇಲೆ ಕಾಲು ಮುಟ್ಟುತ್ತಾರೆ. ನಾಯಿ ಇಲ್ಲದಿದ್ದರೂ ಪರವಾಗಿಲ್ಲ, ಒಮ್ಮೆ ಹೋಗಿ ಮಾತಾಡಿಸಿ ಬನ್ನಿ.