ಪ್ಲಾಸ್ಟಿಕ್ ಬಿಚ್ಚದ ಗೋಡೆ

ನಮ್ಮ ಸಂಘದ ಹೊಸ ಕಚೇರಿಯಲ್ಲಿ ಒಬ್ಬರು ಸೀನಿದರೆ ಇಡೀ ಹಾಲ್‌ಗೆ ನೆಗಡಿಯಾದಂತೆ ಕೇಳುತ್ತಿತ್ತು. ರೈತರಿಗೆ ಬೀಜ, ಗೊಬ್ಬರ ಮಾರುವ ಸಹಕಾರಿ ಸಂಘ ನಮ್ಮದು. ಮೊದಲು ಮುದ್ದೇಬಿಹಾಳದ ಬಜಾರಿನಲ್ಲಿ ಮಣ್ಣಿನ ಗೋಡೆಯ ಹಳೇ ಮಾಳಿಗೆ ಮನೆಯಲ್ಲಿತ್ತು. ಮೂಲೆಯಲ್ಲಿ ಬೀಜದ ಚೀಲ, ಗೋಡೆಗುಂಟ ಕಾಗದದ ಗಂಟು, ನೆಲಕ್ಕೆ ಜಮಖಾನೆ. ನಮ್ಮ ಕಡೆ ಮೆಲ್ಲಗೆ ಮಾತಾಡುವವನನ್ನು ಕಳ್ಳನೆಂದೇ ತಿಳಿಯುತ್ತಾರೆ, ಹಾಗಾಗಿ ಬಂದವರೆಲ್ಲ ಒದರುವವರೇ. ಆದರೂ ಆ ಗೋಡೆಗಳು ಎಲ್ಲವನ್ನೂ ನುಂಗಿಕೊಂಡು ಸುಮ್ಮನಿರುತ್ತಿದ್ದವು.

ಅಧ್ಯಕ್ಷರಿಗೆ ಆ ಮನೆಯೆಂದರೆ ನಾಚಿಕೆ. ಊರೆಲ್ಲ ಅವರನ್ನು ಸಾವಕಾರ್ರ ಎಂದೇ ಕರೆಯುತ್ತದೆ. ಸಾವಕಾರ್ರು ಮಣ್ಣಿನ ಗೋಡೆಯ ಕೆಳಗೆ ಕೂಡುವುದು ಹೇಗೆ? ಸೊಲ್ಲಾಪುರದಲ್ಲಿ ಯಾವುದೋ ಕಚೇರಿ ನೋಡಿ ಬಂದವರು, ಊರ ಹೊರಗೆ ಅಂಥದ್ದನ್ನೇ ಕಟ್ಟಿಸಿದರು. ಎದುರಿಗೆ ಗಾಜು, ಕಾಲಡಿ ಗ್ರಾನೈಟ್, ನಾಲ್ಕೂ ಕಡೆ ನುಣ್ಣನೆಯ ಗೋಡೆ. ಕಟ್ಟಿಸಿದ ಮೇಲೆ ಅದರೊಳಗೆ ಮನುಷ್ಯರು ಮಾತಾಡಬೇಕಾಗುತ್ತದೆ ಎಂಬುದು ಯಾರ ತಲೆಗೂ ಹೊಳೆದಿರಲಿಲ್ಲ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಎನ್ನುತ್ತಾರಲ್ಲ, ಆ ಜಾತಿ.

ನನ್ನದು ವಿಚಾರಣೆಯ ಕಿಟಕಿ. ನಾಲತವಾಡದ ಕಡೆಯಿಂದ ಬಂದವರಿಗೆ ಯಾವ ತೊಗರಿ ಬೀಜ ಬಂದಿದೆ, ಗೊಬ್ಬರದ ಲಾರಿ ಎಂದು ಬರುತ್ತದೆ, ಯಾರ ಪಾಳಿ ಯಾವಾಗ, ಎಲ್ಲ ಹೇಳುವವಳು ನಾನು. ನೌಕರಿಗೆ ಸೇರಿದಾಗಿನಿಂದ ಅದೇ ಕುರ್ಚಿ. ಮನೆಯಲ್ಲಿ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಕಿಟಕಿಯಲ್ಲಿ ದಿನವಿಡೀ ಮಂದಿ ಕೇಳುತ್ತಾರೆ. ಆ ಕಿಟಕಿಗಿಂತ ದೊಡ್ಡ ಸುಖ ನನಗೆ ಬೇರೆ ಇಲ್ಲ, ಇದನ್ನು ಹೇಳಲು ನನಗೇನೂ ಸಂಕೋಚವಿಲ್ಲ.

ಆದರೆ ನನ್ನ ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಗೆ ಯಂತ್ರ ಹಾಕಿಕೊಳ್ಳುತ್ತೇನೆ. ಹಳೇ ಕಚೇರಿಯಲ್ಲಿ ಅಷ್ಟು ಸಾಕಾಗಿತ್ತು. ಹೊಸ ಹಾಲ್‌ನಲ್ಲಿ ಯಂತ್ರ ಮಾತನ್ನು ಬಿಟ್ಟು ಬರೀ ಗದ್ದಲವನ್ನೇ ದೊಡ್ಡದು ಮಾಡಿ ಕಿವಿಗೆ ಸುರಿಯುತ್ತಿತ್ತು. ಎದುರಿಗೆ ನಿಂತವನ ತುಟಿ ಅಲ್ಲಾಡುವುದು ಕಾಣುತ್ತಿತ್ತು, ಅಷ್ಟೇ. ಆಗೆಲ್ಲ ನನ್ನನ್ನು ಕಾಪಾಡಿದವಳು ಪಕ್ಕದ ಕಿಟಕಿಯವಳು. ಮಸೂತಿಯಿಂದ ಮದುವೆಯಾಗಿ ಈ ಊರಿಗೆ ಬಂದವಳು, ನನಗಿಂತ ಬಹಳ ಚಿಕ್ಕವಳು. ತನ್ನ ಕೆಲಸ ಬಿಟ್ಟು ಬಾಗಿ, ನನ್ನ ಬಲಗಿವಿಗೆ ಬಾಯಿ ಹತ್ತಿರ ತಂದು, ಎದುರಿನವರು ಹೇಳಿದ್ದನ್ನು ಜೋರಾಗಿ ಮತ್ತೆ ಹೇಳುತ್ತಿದ್ದಳು. ಮಧ್ಯಾಹ್ನ ಇಬ್ಬರೂ ಬುತ್ತಿ ಬಿಚ್ಚಿ ಹಂಚಿಕೊಂಡು ಉಣ್ಣುತ್ತಿದ್ದೆವು. ಆ ಕಚೇರಿಯಲ್ಲಿ ನಾನು ಮನುಷ್ಯರ ಲೆಕ್ಕಕ್ಕೆ ಹಿಡಿದದ್ದು ಅವಳೊಬ್ಬಳನ್ನೇ.

ಒಂದು ದಿನ ಅಧ್ಯಕ್ಷರು ನನ್ನನ್ನು ಒಳಗೆ ಕರೆಸಿದರು.

"ಅಕ್ಕಾರ, ನಿಮಗ ಕೇಳೂದಿಲ್ಲಂತ ಮಂದಿ ಬಂದು ಹೇಳಾಕತ್ತಾರ. ದೀಪಾವಳಿ ಆದಮ್ಯಾಲ ಹಿಂದ ರೆಕಾರ್ಡ್ ರೂಮಿನ್ಯಾಗ ಕುಂದ್ರಿ. ಆರಾಮ ಇರ್ತೈತಿ."

"ನನ್ನ ಕಿವಿ ಮೊದಲಿನಂಗ ಐತ್ರಿ ಸಾವಕಾರ್ರ. ಹಾಲ್ ಬದಲಾಗೇತಿ."

"ಹಾಲ್‌ಗೆ ಏನಾಗೇತ್ರಿ? ಇಂಥಾ ಹಾಲ್ ಸುತ್ತ ನಾಕ ತಾಲೂಕಿನ್ಯಾಗ ಐತೇನ?"

ಕಿಟಕಿಯಿಲ್ಲದ ಆ ಹಿಂದಿನ ಕೋಣೆಗೆ ಹೋಗಿ ಕೂಡುವುದೆಂದರೆ ಜೀವಂತವಾಗಿ ಸಮಾಧಿಗೆ ಇಳಿದಂತೆಯೇ. ಅವರ ಮುಂದೆ ಮಾತ್ರ ಆ ಅಂಜಿಕೆ ತೋರಿಸಿಕೊಳ್ಳಲಿಲ್ಲ.

ಅಷ್ಟರಲ್ಲಿ ಹಾಲ್‌ನ ಕಾಟ ಅವರಿಗೂ ತಟ್ಟಿತು. ಸಂಘದ ಸಭೆಯಲ್ಲಿ ಅವರು ಮೈಕ್ ಹಿಡಿದು ಮಾತಾಡಿದ್ದು ಒಬ್ಬರಿಗೂ ತಿಳಿಯಲಿಲ್ಲ. ನನ್ನ ಕೇಳಿದರೆ ಅದು ಆ ಕಟ್ಟಡ ನಮಗೆ ಮಾಡಿದ ಏಕೈಕ ಉಪಕಾರ. ಆದರೆ ಭಾಷಣ ಕೆಟ್ಟಿತಲ್ಲ, ಮರುವಾರವೇ ವಿಜಯಪುರದಿಂದ ಒಳಾಂಗಣ ಅಲಂಕಾರದವನೊಬ್ಬ ಬಂದ. ಹಾಲ್ ನಡುವೆ ನಿಂತು, ದನಿ ಎಷ್ಟು ಹೊತ್ತು ತಿರುಗುತ್ತದೆ ಎಂದು ನೋಡಲು ಚಪ್ಪಾಳೆ ತಟ್ಟಿದ. ಅಧ್ಯಕ್ಷರು ಚಪ್ಪಾಳೆ ತಮಗೇ ಎಂದು ತಿಳಿದು ಕೈ ಮುಗಿದರು.

ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಗಾಜು, ಗ್ರಾನೈಟ್ ದನಿಯನ್ನು ವಾಪಸ್ ಒಗೆಯುತ್ತವೆ, ದಪ್ಪನೆಯ ಮೆತ್ತನೆಯ ಬಟ್ಟೆ ಹಿಡಿದಿಟ್ಟುಕೊಳ್ಳುತ್ತದೆ. ಕಂಬಳಿಯಂತೆ ಒತ್ತಾದ ಬಟ್ಟೆಯ ಪ್ಯಾನೆಲ್‌ಗಳನ್ನು ತೋರಿಸಿದ. ಆರು ಮೂಲೆಯವು, ಗೋಡೆಗೆ ಜೋಡಿಸಿದರೆ ಜೇನುಹುಟ್ಟಿನಂತೆ ಚೆಂದ ಕಾಣುವಂಥವು. ಬಣ್ಣ ಯಾವುದಿರಬೇಕೆಂದು ನಿರ್ದೇಶಕರೆಲ್ಲ ಸೇರಿ ಮಧ್ಯಾಹ್ನದ ತನಕ ಜಗಳಾಡಿದರು. ಬಣ್ಣ ದನಿಗೆ ಏನು ಮಾಡುತ್ತದೆ ಎಂದು ಒಬ್ಬನೂ ಕೇಳಲಿಲ್ಲ. ಕೊನೆಗೆ ಸಾಸಿವೆ ಹಳದಿ, ನೀಲಿ ಎಂದಾಯಿತು.

ಪ್ಯಾನೆಲ್ ಬಂದವು, ಗೋಡೆಗೆ ಏರಿದವು. ಒಂದೊಂದಕ್ಕೂ ತೆಳುವಾದ ಪ್ಲಾಸ್ಟಿಕ್ ಹೊದಿಕೆ ಇತ್ತು. ಅದರ ಮೇಲೆಯೇ ವಿಭೂತಿ ಬಳಿದು, ಕಾಯಿ ಒಡೆದು ಪೂಜೆ ಮಾಡಿದರು. ಅಲಂಕಾರದವನು ಹೊದಿಕೆ ಕೀಳಲು ಏಣಿ ಹತ್ತಿದ.

"ಏ ತಮ್ಮಾ, ಅದನ್ನ್ಯಾಕ ಕೀಳ್ತಿ?" ಅಧ್ಯಕ್ಷರು ಕೂಗಿದರು.

"ಕೀಳದಿದ್ರ ಉಪಯೋಗ ಆಗೂದಿಲ್ರಿ. ದನಿ ಪ್ಲಾಸ್ಟಿಕ್ ಮ್ಯಾಲಿಂದನ ತಿರಗಿ ಬರ್ತೈತ್ರಿ."

"ಧೂಳ ಕುಂತು ಹೊಲಸಾಗ್ತಾವ. ಇರಲಿ ಬಿಡು."

ಅವನು ಇಳಿದು ತನ್ನ ಸಾಮಾನು ಕಟ್ಟಿಕೊಂಡು ಹೋದ. ಅವನಿಗೇನು? ನಮ್ಮ ಮಂದಿಯ ನಡತೆಯೇ ಹೀಗೆ. ಫ್ರಿಜ್ಜಿನ ಬಾಗಿಲಿಗೆ, ಸೋಫಾಕ್ಕೆ, ಮೋಟರ್ ಸೈಕಲ್ ಸೀಟಿಗೆ ಬಂದ ಪ್ಲಾಸ್ಟಿಕ್ ಬಿಸಿಲಿಗೆ ಸುಟ್ಟು ತಾನಾಗಿ ಉದುರುವ ತನಕ ಇರಬೇಕು. ಕೈಯಿಂದ ಕಿತ್ತವನು ಮನೆಮುರುಕ. ಹೊಸದರ ಸುಖ ಅನುಭವಿಸುವುದಕ್ಕಿಂತ ಅದು ಹೊಸದೆಂದು ನಾಲ್ಕು ಮಂದಿಗೆ ತೋರಿಸುವುದು ಮುಖ್ಯ.

ಅಲ್ಲಿಗೂ ಮುಗಿಯಲಿಲ್ಲ. ಖಾಲಿ ಗೋಡೆ ಕಂಡರೆ ಅಧ್ಯಕ್ಷರಿಗೆ ತಮ್ಮ ಮುಖ ನೆನಪಾಗುತ್ತದೆ. ಇಂಡಿಯಲ್ಲಿ ಶಾಲು ಹೊದಿಸಿಕೊಂಡದ್ದು, ಸಿಂದಗಿಯಲ್ಲಿ ಹಾರ ಹಾಕಿಸಿಕೊಂಡದ್ದು, ಬಸವನ ಬಾಗೇವಾಡಿಯಲ್ಲಿ ಪೇಟ ಸುತ್ತಿಸಿಕೊಂಡದ್ದು, ಹೀಗೆ ತಮ್ಮ ಸನ್ಮಾನದ ಫೋಟೋಗಳನ್ನೆಲ್ಲ ಗಾಜಿನ ಕಟ್ಟು ಹಾಕಿಸಿ ಪ್ಯಾನೆಲ್‌ಗಳ ಮೇಲೆಯೇ ಮೊಳೆ ಹೊಡೆಸಿ ತೂಗುಹಾಕಿಸಿದರು. ದನಿ ಹೀರುವ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್, ಅದರ ಮೇಲೆ ಗಾಜು, ಗಾಜಿನೊಳಗೆ ಸಾವಕಾರ್ರು.

"ಎಷ್ಟ ಶಾಂತ ಆತು ನೋಡ್ರಿ!" ಎಂದರು ಹಾಲ್ ನಡುವೆ ನಿಂತು.

"ಆತು ನೋಡ್ರಿ ಸಾವಕಾರ್ರ!" ಎಂದರು ನಿರ್ದೇಶಕರು. ಗೋಡೆಗಳೂ ಮತ್ತೆ ಮತ್ತೆ ಆತು ನೋಡ್ರಿ, ಆತು ನೋಡ್ರಿ ಎಂದವು. ಆಗಲೂ ಯಾರಿಗೂ ನಾಚಿಕೆಯಾಗಲಿಲ್ಲ.

"ಏನೂ ಆಗಿಲ್ರಿ," ನಾನು ಎಂದೆ. "ಆ ಪ್ಲಾಸ್ಟಿಕ್ ತಗಸ್ರಿ."

"ಅಕ್ಕಾರ, ನಿಮಗ ಮೊದಲ ಕೇಳೂದಿಲ್ಲ. ಇದು ನಿಮಗೇನ ಗೊತ್ತಾಗ್ತೈತಿ?"

ಎಲ್ಲರೂ ನಕ್ಕರು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು ಎಂದುಕೊಂಡು ನನ್ನ ಕಿಟಕಿಗೆ ಮರಳಿದೆ. ಪಕ್ಕದ ಕಿಟಕಿಯವಳು ಮಾತ್ರ ನಗದೆ ತಲೆ ತಗ್ಗಿಸಿದ್ದಳು. ಆ ದಿನ ಅವಳ ಮೇಲೆ ನನಗೆ ಇನ್ನಷ್ಟು ಪ್ರೀತಿ ಬಂತು.

ದೀಪಾವಳಿ ಹತ್ತಿರ ಬಂತು. ಎರಡನೇ ಶನಿವಾರ ರಜೆ, ಅಧ್ಯಕ್ಷರು ಕೊಲ್ಹಾರದಲ್ಲಿ ಇನ್ನೊಂದು ಶಾಲು ಹೊದ್ದುಕೊಳ್ಳಲು ಹೋಗಿದ್ದರು. ಹಬ್ಬಕ್ಕೆ ಧೂಳು, ಜೇಡರ ಬಲೆ ತೆಗೆಯಬೇಕೆಂದು ಹೇಳಿ ಕಾವಲುಗಾರನಿಂದ ಬೀಗ ತೆಗೆಸಿದೆ. ಏಣಿ ಹತ್ತಿ ಫೋಟೋಗಳನ್ನೆಲ್ಲ ಇಳಿಸಿದೆ. ಅವನ್ನು ಅಧ್ಯಕ್ಷರ ಸ್ವಂತ ಕೋಣೆಯ ನಾಲ್ಕೂ ಗೋಡೆಗೆ ಹಾಕಿದೆ, ತಮ್ಮನ್ನು ತಾವೇ ನೋಡಿಕೊಂಡು ಕೂಡಲಿ ಎಂದು. ಆಮೇಲೆ ಬ್ಲೇಡಿನಿಂದ ಒಂದೊಂದೇ ಪ್ಯಾನೆಲ್‌ನ ಪ್ಲಾಸ್ಟಿಕ್ ಸುಲಿದೆ. ಅದು ಸರ್‍ರೆಂದು ಬಿಟ್ಟು ಬರುವಾಗ ಆದ ಸಂತೋಷವನ್ನು ಏನೆಂದು ಹೇಳಲಿ, ಕೆಲವರ ಮುಖದ ಮೇಲಿನ ಹೊದಿಕೆಯನ್ನೂ ಹಾಗೇ ಕಿತ್ತುಬಿಡಬೇಕು ಎನಿಸಿತು. ನನ್ನ ಕಿಟಕಿಯ ಎದುರಿನ ಗಾಜಿಗೆ ಮನೆಯಿಂದ ತಂದ ಎರಡು ಹಳೇ ಕೌದಿಗಳನ್ನು ತೂಗುಹಾಕಿದೆ. ಹಳೇ ಸೀರೆಗಳ ತುಂಡು ಕೂಡಿಸಿ ಹೊಲಿದ ದಪ್ಪ ಹೊದಿಕೆಗಳು. ನೋಡಲೂ ಚೆಂದವೇ ಇದ್ದವು.

ಸೋಮವಾರ ಬಾಗಿಲು ತೆಗೆದಾಗ ಮೊದಲು ಬಂದ ರೈತ ಒಳಗೆ ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟ. ಆಚೆ ಈಚೆ ನೋಡಿ ನನ್ನ ಕಿಟಕಿಗೆ ಬಂದು, "ಯಾರರೆ ತೀರಕೊಂಡಾರೇನ್ರಿ ಅಕ್ಕಾರ?" ಎಂದು ಮೆಲ್ಲಗೆ ಕೇಳಿದ. ಮೆಲ್ಲಗೆ! ನನಗೆ ಪೂರ್ತಿ ಕೇಳಿಸಿತು. ಬಾಗಿದವರಿಲ್ಲ, ಮತ್ತೆ ಹೇಳಿದವರಿಲ್ಲ. ಕಣ್ಣಲ್ಲಿ ನೀರು ಬಂತು. ಆಮೇಲೆ ಬಂದವನದೂ ಕೇಳಿಸಿತು. ಅವನ ಹಿಂದಿನವನು ತನ್ನ ಹೆಂಡತಿಯನ್ನು ಬೈದದ್ದೂ ಕೇಳಿಸಿತು. ಹೋಗಲಿದ್ದ ಕಿಟಕಿ ಕೈಗೆ ವಾಪಸ್ ಬಂದಿತ್ತು.

ಅಧ್ಯಕ್ಷರು ಬಂದವರು ತಮ್ಮ ಕೋಣೆ ನೋಡಿ ಹಿಗ್ಗಿದರು. ಹಬ್ಬದ ಸ್ವಚ್ಛತೆ ಚಲೋ ಆಗಿದೆ ಎಂದರು. ಗೋಡೆಯ ಹೊಳಪು ಹೋದದ್ದನ್ನೂ ಗದ್ದಲ ಸತ್ತದ್ದನ್ನೂ ಕಚೇರಿಯವರು ಒಬ್ಬರೂ ಗಮನಿಸಲಿಲ್ಲ. ಕಿವಿ ಇದ್ದವರ ಹಣೆಬರಹ ಇದು. ಎಂದಿನಂತೆ ಅಧ್ಯಕ್ಷರು ಹಾಲ್‌ಗೆ ಬಂದು ಪಕ್ಕದ ಕಿಟಕಿಯವಳ ಮೇಜಿನ ಹತ್ತಿರ ನಿಂತರು. ನನ್ನ ಬೆನ್ನು ಅವರ ಕಡೆಗಿತ್ತು.

"ದೀಪಾವಳಿ ತನಕ ಯಾಕ್ರಿ ಸಾವಕಾರ್ರ?" ಅದು ಅವಳ ದನಿ. "ಇವತ್ತ ಒಳಗ ಕಳಸ್ರಿ. ಆ ಕಿಟಕಿ ನನಗ ಕೊಡ್ರಿ."

"ಮೆಲ್ಲಕ ಮಾತಾಡವ್ವಾ. ಅಲ್ಲೇ ಕುಂತಾರ."

"ಆಕಿಗೇನ ಕೇಳಸ್ತೈತ್ರಿ? ದಿನಾ ಆ ಕೆಪ್ಪಿ ಕಿವ್ಯಾಗ ಒದರಿ ಒದರಿ ನನ್ನ ಗಂಟಲ ಹರದ ಹೋಗೇತಿ. ಸಂಜೀಕ ಮನಿಗೆ ಹೋದ್ರ ಮಕ್ಕಳ ಜೋಡಿ ಮಾತಾಡಾಕ ದನಿ ಉಳ್ಯಾಂಗಿಲ್ಲ. ಎಷ್ಟ ದಿನ ಅಂತ ಏಗೂದ್ರಿ?"

ಅಧ್ಯಕ್ಷರು ನಕ್ಕರು. ನನ್ನ ಎದುರಿಗಿದ್ದವನು ತೊಗರಿ ಬೀಜ ಕೇಳುತ್ತಿದ್ದ. ಅವನಿಗೆ ಉತ್ತರ ಕೊಟ್ಟೆ, ಸರಿಯಾಗಿಯೇ ಕೊಟ್ಟೆ.

ಮಧ್ಯಾಹ್ನ ಅವಳು ಬುತ್ತಿ ಹಿಡಿದು ಬಂದಳು. ಬಲಗಿವಿಗೆ ಬಾಗಿ, "ಅಕ್ಕಾರ! ಊಟಕ್ಕ ಬರ್ರೀ!" ಎಂದು ಕೂಗಿದಳು. ಸದ್ದಿಲ್ಲದ ಹಾಲ್‌ನಲ್ಲಿ ಆ ಕೂಗಿಗೆ ಎಲ್ಲರೂ ತಿರುಗಿ ನೋಡಿದರು.

"ಒದರಬ್ಯಾಡ ತಂಗಿ," ಎಂದೆ. "ಮುಂಜಾನಿಂದ ನನಗ ಎಲ್ಲಾ ಕೇಳಸಾಕತ್ತೈತಿ."

ಅವಳ ಮುಖ ಬಿಳಿಚಿತು. ಬಾಗಿಲಲ್ಲಿದ್ದ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು ತಮ್ಮ ಫೋಟೋಗಳ ನಡುವೆ ಹೋಗಿ ಕೂತರು. ರೆಕಾರ್ಡ್ ರೂಮಿನ ಮಾತು ಮತ್ತೆ ಎತ್ತಲಿಲ್ಲ. ಅವರನ್ನು ತಿರಸ್ಕರಿಸುವುದು ನನಗೆ ಎಂದೂ ಕಷ್ಟವಾಗಿಲ್ಲ, ಈಗಲೂ ಇಲ್ಲ. ಅವಳನ್ನೂ ಹಾಗೇ ಕಿತ್ತು ಒಗೆಯಬೇಕೆಂದು ಬಹಳ ಪ್ರಯತ್ನಪಟ್ಟೆ, ಆಗಲಿಲ್ಲ. ಅವಳ ಗಂಟಲು ಹರಿದದ್ದಂತೂ ಸುಳ್ಳಲ್ಲವಲ್ಲ.

ಹಬ್ಬ ಕಳೆದ ಮೇಲೆ ಒಂದು ಮಧ್ಯಾಹ್ನ ಹಾಲ್‌ನಲ್ಲಿ ನಾವಿಬ್ಬರೇ ಇದ್ದೆವು. ಅವಳು ತನ್ನ ಕುರ್ಚಿಯಿಂದ ಏಳದೆ, ದನಿ ಏರಿಸದೆ, "ಅಕ್ಕಾರ, ಊಟಾ ಮಾಡೂಣ್ರಿ?" ಎಂದಳು. ಅಕ್ಷರ ಅಕ್ಷರವೂ ಕೇಳಿಸಿತು. ಕೊನೆಗೆ ಅವಳ ದನಿ ಒಡೆದದ್ದೂ ಕೇಳಿಸಿತು. ನಾನು ಕಿಟಕಿಯ ಹೊರಗೆ ನೋಡುತ್ತ ಕೆಪ್ಪಿಯಂತೆ ಕೂತೆ.