ಭಾನುವಾರದ ಮಿದುಳುಗಳು

ಬೆಳಗಿನ ಆರು ಗಂಟೆ. ತಿರುವನಂತಪುರದ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಎಲ್ಲರೂ ಅಕ್ಕ ಎಂದು ಕರೆಯುವ ಬ್ರಿಜಿಟ್ ಚೇಚಿ ಹಾಲಿಲ್ಲದ ಕಟ್ಟನ್ ಚಹಾ ಪಕ್ಕಕ್ಕಿಟ್ಟು, ಪರದೆಯ ಮೇಲೆ ಯಾರದೋ ಮಿದುಳಿನ ಅಂಚು ತಿದ್ದುತ್ತಿದ್ದಾರೆ. ಅವರ ಕೆಲಸದ ಬಗ್ಗೆ ಬರೆಯಲು ಬಂದ ನಾನು ಪಕ್ಕದಲ್ಲಿ ಕೂತಿದ್ದೇನೆ. ಎಂಆರ್‌ಐ ಚಿತ್ರದಲ್ಲಿ ಕಂಪ್ಯೂಟರ್ ಎಳೆದ ಗೆರೆ ಮೂಳೆಗೆ ನುಗ್ಗಿದ್ದರೆ ಹಿಂದಕ್ಕೆ ತರಬೇಕು, ಮಲಗಿದವರು ತಲೆ ಅಲುಗಿಸಿದ್ದರೆ ಗುರುತು ಹಾಕಬೇಕು. ದಿನಕ್ಕೆ ಹದಿನಾಲ್ಕು ಮಿದುಳು, ಹನ್ನೊಂದು ವರ್ಷದಿಂದ. ಒಬ್ಬರ ಮಿದುಳು ಇನ್ನೊಬ್ಬರದಕ್ಕಿಂತ ಹೇಗೆ ಬೇರೆ ಎಂಬ ಲೆಕ್ಕ ಶುರುವಾಗುವುದೇ ಇದಾದ ಮೇಲೆ. ಡಾಕ್ಟರುಗಳ ಸಂಶೋಧನಾ ಪ್ರಬಂಧಗಳಲ್ಲಿ ಅವರ ಹೆಸರು ಒಮ್ಮೆಯೂ ಬಂದಿಲ್ಲ.

ಚೇಚಿ ಕಡಲ ದಂಡೆಯ ಊರೊಂದರ ಮೀನುಗಾರರ ಮನೆಯವರು. ತಾಯಿ ಮೀನು ಮಾರಿ ಮಗಳಿಗೆ ಸಂಖ್ಯಾಶಾಸ್ತ್ರ ಓದಿಸಿದರು. ಕಳೆದ ವರ್ಷ ದೊಡ್ಡ ಡಾಕ್ಟರೊಬ್ಬರು ಆ ಊರಿನ ಅರವತ್ತನಾಲ್ಕು ಮಂದಿಯ ಮಿದುಳನ್ನು ಪೇಟೆಯವರ ಮಿದುಳಿನ ಜೊತೆ ಹೋಲಿಸಿದರು. ಮೀನುಗಾರರ ಮಿದುಳಿನ ಹೊರಪದರ ತೆಳುವಾಗಿದೆ ಎಂದು ಇಗರ್ಜಿಯ ಸಭಾಂಗಣದಲ್ಲಿ ಎಲ್ಲರೆದುರು ಹೇಳಿಯೂ ಹೋದರು. ಮಾರುಕಟ್ಟೆಯಲ್ಲಿ ಚೇಚಿಯ ತಾಯಿಗೆ ‘ತೆಳು ತಲೆ’ ಎಂದು ಹೆಸರು ಬಿತ್ತು.

ಚೇಚಿ ಕಡತ ತೆಗೆದು ತಾರೀಖು ನೋಡಿದರು. ಊರಿನವರೆಲ್ಲ ಬಂದದ್ದು ಭಾನುವಾರ, ಕಡಲಿಗೆ ಇಳಿಯದ ದಿನ. ಆಸ್ಪತ್ರೆಯ ಎರಡು ಎಂಆರ್‌ಐ ಯಂತ್ರಗಳಲ್ಲಿ ಹೊಸದಕ್ಕೂ ಅಂದೇ ರಜೆ. ಹಾಗಾಗಿ ಇವರು ಮಲಗಿದ್ದು ಹಳೆಯದರಲ್ಲಿ, ಪೇಟೆಯವರು ಹೊಸದರಲ್ಲಿ. ಹೀಗಿದ್ದ ಮೇಲೆ ವ್ಯತ್ಯಾಸ ಜನರದೋ ಯಂತ್ರದ್ದೋ ಎಂದು ಯಾವ ಸೂತ್ರವೂ ಹೇಳಲಾರದು. ಡಾಕ್ಟರಿಗೆ ತಿಳಿಸಿದರೆ, ಅದನ್ನೆಲ್ಲ ತಂತ್ರಾಂಶ ಸರಿಪಡಿಸುತ್ತದೆ, ನೀನು ಗೆರೆ ತಿದ್ದು ಎಂದರಂತೆ. ಕೇಳಿ ನನ್ನ ಮೈ ಉರಿಯಿತು. ಇಷ್ಟು ಓದಿದವರಿಗೆ ಇದು ತಿಳಿಯದೆ ಅಲ್ಲ, ಬಡವರ ತಲೆ ಎಂದರೆ ಹೀಗೆಯೇ ಇರಬೇಕೆಂದು ಮೊದಲೇ ನಂಬಿದ್ದರು.

ಎರಡೂ ಯಂತ್ರ ಹೋಲಿಸಿ ನೋಡಲು ಆಸ್ಪತ್ರೆಯ ಸಂಶೋಧನಾ ಸಮಿತಿಗೆ ಮೂರು ಸಲ ಅರ್ಜಿ ಕೊಟ್ಟು ಚೇಚಿ ಅನುಮತಿ ಪಡೆದರು. ಊರಿನ ಹನ್ನೆರಡು ಮಂದಿ ಕೆಲಸ ಬಿಟ್ಟು ಮಂಗಳವಾರ ಬಂದರು. ಒಬ್ಬೊಬ್ಬರನ್ನೂ ಎರಡೂ ಯಂತ್ರಗಳಲ್ಲಿ ಮಲಗಿಸಿದರು. ಹನ್ನೆರಡಕ್ಕೆ ಹನ್ನೆರಡೂ ಹಳೆಯದರಲ್ಲಿ ತೆಳು, ಹೊಸದರಲ್ಲಿ ಪೇಟೆಯವರಷ್ಟೇ ದಪ್ಪ.

“ಒಂದು ಮಧ್ಯಾಹ್ನದಲ್ಲಿ ಮಿದುಳು ದಪ್ಪ ಆಗುತ್ತಾ ಸಾರ್, ಅಂತ ಕೇಳಿದೆ. ಡಾಕ್ಟರು ಫೋನ್ ನೋಡ್ತಾ ಕೂತ್ರು.”

ಡಾಕ್ಟರ ಪ್ರಬಂಧದಿಂದ ಮೀನುಗಾರರ ಮಿದುಳು ತೆಳು ಎಂಬ ಸಾಲು ಸದ್ದಿಲ್ಲದೆ ಹೋಯಿತು. ಊರಿಗೆ ಬಂದು ತಪ್ಪಾಯಿತು ಎಂದವರು ಯಾರೂ ಇಲ್ಲ. ಎಪ್ಪತ್ತು ದಾಟಿದ ತಾಯಿ ಈಗಲೂ ಒಂದು ಹೆಸರು ಮರೆತರೆ, ತಲೆ ನಿಜಕ್ಕೂ ತೆಳುವೇನೋ ಎಂದು ಹೆದರಿ ಮಗಳ ಮುಖ ನೋಡುತ್ತಾರೆ.

ಪ್ರಬಂಧದಲ್ಲಿ ನಿಮ್ಮ ಹೆಸರು ಬೇಡವೇ ಎಂದು ಕೇಳುತ್ತೇನೆ. ಚೇಚಿ ಮುಂದಿನ ಮಿದುಳನ್ನು ತೆರೆಯುತ್ತಾರೆ.

“ನನ್ನ ಹೆಸರು ಕಟ್ಕೊಂಡು ಏನ್ಮಾಡ್ಲಿ? ನಮ್ಮಮ್ಮ, ಅಮ್ಮಚ್ಚಿ ಮುಂದೆ ನಿಂತು ಆ ಡಾಕ್ಟರೇ ಹೇಳ್ಬೇಕು, ನಿಮ್ಮ ತಲೆ ಸರಿಯಾಗಿದೆ ಅಂತ. ತಪ್ಪು ಲೆಕ್ಕ ಹೇಳೋಕೆ ಕಾರಲ್ಲಿ ಬಂದಿದ್ರಲ್ಲ. ಇದಕ್ಕೆ ಬಸ್ಸಲ್ಲಿ ಬಂದ್ರೂ ಸಾಕು.”